ಇವರ ಪಾಲಿನ ಗ್ಲಾಸು

ಸೆಪ್ಟೆಂಬರ್ ೪, ಸೋಮವಾರ

ರೂಮು ಚೆನ್ನಾಗಿದೆ. ಗೋಡೆ ಬಿಳಿ, ಹೊದಿಕೆ ಬಿಳಿ, ಕಿಟಕಿ ತೆಗೆದರೆ ಕಣ್ಣು ಹಾಯುವಷ್ಟು ದೂರ ದ್ರಾಕ್ಷಿ. ಕುಡಿತ ಬಿಟ್ಟ ಗಂಡನನ್ನು ಕರೆದುಕೊಂಡು ಬರಲು ಇದಕ್ಕಿಂತ ಕೆಟ್ಟ ಜಾಗ ಭೂಮಿಯ ಮೇಲೆ ಇನ್ನೊಂದಿರಲಾರದು.

ಏನು ಮಾಡುವುದು, ಇವರ ಕೆಲಸವೇ ಇದು. ದ್ರಾಕ್ಷಿತೋಟದವರು ನಡೆಸುವ ಹೋಟೆಲುಗಳಿಗೆ ಸಾಮಾನ್ಯ ಗಿರಾಕಿಯ ಹಾಗೆ ಹೋಗಿ ಉಳಿಯುವುದು, ಹಾಸಿಗೆ ಹೇಗಿತ್ತು, ತಿಂಡಿ ಹೇಗಿತ್ತು, ಅಲ್ಲೇ ತಯಾರಾದ ವೈನ್ ಹೇಗಿತ್ತು ಎಂದು ಪ್ರವಾಸಿಗಳಿಗಾಗಿ ಕೈಪಿಡಿ ಬರೆಯುವುದು. ಬಂದವರು ಯಾರೆಂದು ಹೋಟೆಲಿನವರಿಗೆ ತಿಳಿಯಬಾರದು, ಅದು ಪ್ರಕಾಶಕರ ಕಟ್ಟಳೆ. ಇವರು ಇಷ್ಟು ವರ್ಷ ಬರೆದರು, ಇಷ್ಟು ವರ್ಷವೂ ಕುಡಿದರು. ಮೊದಲು ಕೆಲಸಕ್ಕೆಂದು, ಆಮೇಲೆ ಕೆಲಸವಿಲ್ಲದಾಗಲೂ. ಈ ಬೇಸಿಗೆಯಲ್ಲಿ ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದರು: "ಇನ್ನೊಂದು ಗುಟುಕು ಒಳಗೆ ಹೋದ್ರೂ ಲಿವರ್ ಉಳಿಯಲ್ಲ. ಲಿವರ್ ಹೋದ್ರೆ ನೀವೂ ಉಳಿಯಲ್ಲ." ಅಂದಿನಿಂದ ಮುಟ್ಟಿಲ್ಲ. ಆದರೆ ಈ ಸಲದ ಕೈಪಿಡಿ ಆಗಲೇ ಒಪ್ಪಿಕೊಂಡಾಗಿತ್ತು. ಕೈಬಿಟ್ಟರೆ ಆ ಪುಸ್ತಕದ ಮೇಲೆ ಇನ್ನೊಬ್ಬರ ಹೆಸರು ಬರುತ್ತದೆ. ಇವರಿಗೆ ಇರುವುದು ಆ ಒಂದು ಹೆಸರೇ.

ಹಾಗಾಗಿ ಸ್ಕೂಲಿಗೆ ರಜೆ ಹಾಕಿ ನಾನೂ ಹೊರಟೆ. ಐವತ್ತು ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸುವವಳಿಗೆ ಒಬ್ಬ ಗಂಡನನ್ನು ಕಾಯುವುದು ಎಷ್ಟರ ಕೆಲಸ? ಒಪ್ಪಂದ ಇಷ್ಟೇ. ಮೂಗು ಇವರದು, ನಾಲಿಗೆ ನನ್ನದು. ಇವರು ಗ್ಲಾಸು ಮೂಸಿ ಕೆಳಗಿಡಬೇಕು, ನಾನು ಒಂದು ಗುಟುಕು ಕುಡಿದು ರುಚಿ ಹೇಳಬೇಕು, ಇವರು ಬರೆದುಕೊಳ್ಳಬೇಕು. ಈವರೆಗೆ ನಾನು ಆ ಪದಾರ್ಥವನ್ನು ನಾಲಿಗೆಗೆ ತಾಗಿಸಿದವಳಲ್ಲ. ಮನೆಯಲ್ಲಿ ಅದರ ವಾಸನೆ ಕುಡಿದೇ ಸಾಕಾಗಿತ್ತು.

ಸಂಜೆ ನೆಲಮಾಳಿಗೆಯಲ್ಲಿ ಮೊದಲ ಸಲ ರುಚಿ ನೋಡಿದ್ದಾಯಿತು. ಪೀಪಾಯಿಗಳ ನಡುವೆ ಉದ್ದದ ಮೇಜು, ಮೇಜಿನ ಕೊನೆಗೆ ಒಂದು ತಗಡಿನ ಬಕೆಟ್ಟು. ರುಚಿ ನೋಡಿದವರೆಲ್ಲ ಬಾಯಿ ಮುಕ್ಕಳಿಸಿ ಅದರೊಳಕ್ಕೆ ಉಗುಳುತ್ತಾರೆ. ಒಳ್ಳೆಯ ಬಟ್ಟೆ ತೊಟ್ಟವರು, ಮುತ್ತಿನ ಓಲೆ ಹಾಕಿದವರು, ಪಿಚಕ್ಕನೆ ಉಗುಳಿ ಕರವಸ್ತ್ರದಲ್ಲಿ ತುಟಿ ಒರೆಸಿಕೊಳ್ಳುತ್ತಾರೆ. ಈ ಕಸುಬಿನವರ ಪದ್ಧತಿ ಅದೇ ಅಂತೆ. "ನೀನೂ ಉಗುಳು" ಎಂದು ಇವರು ಕಣ್ಸನ್ನೆ ಮಾಡಿದರು. ಉಗುಳಬೇಡ ಉಗುಳಬೇಡ ಎಂದು ಮಕ್ಕಳ ಮೇಲೆ ಕೂಗಾಡುತ್ತಾ ಮುದುಕಿಯಾದವಳು ನಾನು. ನಾಲ್ಕು ಜನರೆದುರು ಬಾಯಲ್ಲಿದ್ದದ್ದನ್ನು ಬಕೆಟ್ಟಿಗೆ ಉಗುಳುವುದೇ? ಆಗಲಿಲ್ಲ. ಕಣ್ಣು ಮುಚ್ಚಿ ನುಂಗಿದೆ. ಔಷಧಿ ಕುಡಿದ ಮಗುವಿನ ಹಾಗೆ ಮುಖ ಮಾಡಿದೆನಂತೆ, ಇವರು ಊಟ ಮುಗಿಯುವವರೆಗೂ ನಗುತ್ತಿದ್ದರು.

ನಗಲಿ. ಇವತ್ತು ಒಂದು ತೊಟ್ಟೂ ಮುಟ್ಟಿಲ್ಲ.

ಸೆಪ್ಟೆಂಬರ್ ೬

ಇವತ್ತು ನನಗೆ ಶಭಾಷ್‌ಗಿರಿ ಸಿಕ್ಕಿತು. ಒಂದು ಕೆಂಪು ವೈನ್ ಕೊಟ್ಟರು. ಇವರು ಮೂಸಿ, ಹುಬ್ಬು ಗಂಟು ಹಾಕಿಕೊಂಡು, "ಹೇಳು" ಅಂದರು. ನಾನು ಅನ್ನಿಸಿದ್ದು ಹೇಳಿದೆ: ಪೆನ್ಸಿಲ್ ಚೂಪು ಮಾಡಿದಾಗ ಬೀಳುವ ಹೊಟ್ಟಿನ ವಾಸನೆ, ಆಮೇಲೆ ತುಕ್ಕು ಹಿಡಿದ ಗೇಟು ನೆಕ್ಕಿದ ಹಾಗೆ, ಕೊನೆಗೆ ಎಲ್ಲೋ ಒಂಚೂರು ಸಿಹಿ. ಇವರು ಪೆನ್ನು ಕೆಳಗಿಟ್ಟರು.

"ಇಷ್ಟು ವರ್ಷ ನಾನು ಬರೆದಿದ್ದೆಲ್ಲ ಬರೀ ಬೂಟಾಟಿಕೆ ಕಣೇ. ನೀನು ಹೇಳಿದ್ದೇ ಸರಿ."

ಮದುವೆಯಾದಾಗಿನಿಂದ ಇವರ ಬಾಯಲ್ಲಿ "ನೀನು ಹೇಳಿದ್ದೇ ಸರಿ" ಎಂಬ ಮಾತು ಬಂದದ್ದು ನನಗೆ ನೆನಪಿಲ್ಲ. ಪ್ರಕಾಶಕರ ಕಚೇರಿಯ ಸಂಪಾದಕಿಗೆ ಅದನ್ನೇ ಕಳಿಸಿದರು. ಆಕೆ, ಈ ಸಲ ಬರವಣಿಗೆಗೆ ಹೊಸ ಜೀವ ಬಂದಿದೆ ಎಂದು ಉತ್ತರಿಸಿದ್ದಾಳೆ. ಹೆಸರು ಇವರದೇ ಇರಲಿ, ನಾಲಿಗೆ ಯಾರದೆಂದು ನನಗೆ ಗೊತ್ತಿದೆ.

ಮಲಗುವ ಮುಂಚೆ ಇವರ ಬಾಯಿ ಮೂಸಿ ನೋಡಿದೆ. ಟೂತ್‌ಪೇಸ್ಟು. "ನನ್ನನ್ನೇನು ನಿನ್ನ ಒಂದನೇ ಕ್ಲಾಸು ಅಂದ್ಕೊಂಡ್ಯಾ?" ಎಂದು ಗೊಣಗಿದರು. ಅಲ್ಲ, ಒಂದನೇ ಕ್ಲಾಸಿನವರು ಇಷ್ಟು ಸುಳ್ಳು ಹೇಳುವುದಿಲ್ಲ. ಪೆಟ್ಟಿಗೆ, ಕೋಟಿನ ಜೇಬು, ಬೂಟಿನ ಒಳಗೆ ಎಲ್ಲ ನೋಡಿ ಮಲಗಿದೆ. ಏನೂ ಇಲ್ಲ.

ಸೆಪ್ಟೆಂಬರ್ ೧೦, ಭಾನುವಾರ

ಎರಡನೆಯ ಹೋಟೆಲು. ನದಿ ದಂಡೆಯ ಮೇಲೆ ಹಳೆಯ ಕಲ್ಲಿನ ಮನೆ. ಇಲ್ಲಿ ಯಜಮಾನಿಯೇ ಸ್ವತಃ ಬಡಿಸುತ್ತಾಳೆ, ಸ್ವತಃ ಸುರಿಯುತ್ತಾಳೆ, ಸ್ವತಃ ಎದುರಿಗೆ ಕೂತು ನೀವು ಕುಡಿಯುವುದನ್ನೇ ನೋಡುತ್ತಾಳೆ. ಉಗುಳುವ ಬಕೆಟ್ಟಿನ ಸುದ್ದಿಯೇ ಇಲ್ಲ. ನಿನ್ನೆ ರಾತ್ರಿ ಇವರ ಗ್ಲಾಸು ಹಾಗೇ ತುಂಬಿರುವುದು ಅವಳ ಕಣ್ಣಿಗೆ ಬಿತ್ತು.

"ಏನು, ನಮ್ಮ ವೈನ್ ಇಷ್ಟ ಆಗ್ಲಿಲ್ವಾ?" ಎಂದು ಕೇಳಿದಳು.

ಇವರ ಕೈ ಗ್ಲಾಸಿನ ಕಡೆಗೆ ಹೋಯಿತು. ನಾನು ಥಟ್ಟನೆ ಎತ್ತಿಕೊಂಡು, "ಇವರು ಕೊಟ್ಟಿದ್ದೆಲ್ಲ ನಾನೇ ಮುಗಿಸೋದು, ಮನೇಲೂ ಹೀಗೇ" ಎಂದು ನಗುತ್ತಾ ಕುಡಿದುಬಿಟ್ಟೆ. ಯಜಮಾನಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಅವಳು ಇವರ ಗ್ಲಾಸಿಗೆ ಸುರಿದಷ್ಟು ಸಲವೂ ನಾನೇ ಮುಗಿಸಿದೆ. ಇವರು ಉಳಿದರು, ಅವಳಿಗೂ ಅನುಮಾನ ಬರಲಿಲ್ಲ.

ಮೆಟ್ಟಿಲು ಹತ್ತುವಾಗ ಇವರು ನನ್ನ ಮೊಣಕೈ ಹಿಡಿದುಕೊಂಡು, "ಥ್ಯಾಂಕ್ಸ್ ಕಣೇ" ಅಂದರು. ದನಿ ಒಂದು ಥರ ಇತ್ತು. ಆಮೇಲೆ ನನಗೆ ಎಂಥ ನಿದ್ದೆ! ಬೇಸಿಗೆಯಿಂದ ಈಚೆಗೆ ಕಣ್ಣು ಮುಚ್ಚಿದರೆ ಆಸ್ಪತ್ರೆಯ ಮಂಚವೇ ಕಾಣುತ್ತಿತ್ತು. ನಿನ್ನೆ ಏನೂ ಕಾಣಲಿಲ್ಲ, ಬೆಳಗ್ಗೆ ತಿಂಡಿಯ ಗಂಟೆ ಬಾರಿಸಿದ್ದೂ ಕೇಳಲಿಲ್ಲ.

ಸೆಪ್ಟೆಂಬರ್ ೧೩

ಹೊಸ ಹೋಟೆಲಿನಲ್ಲಿ ರೂಮಿಗೆ ಬಂದರೆ ಮೇಜಿನ ಮೇಲೆ ಒಂದು ಬಾಟಲಿ, ಕೊರಳಿಗೆ ರಿಬ್ಬನ್, ಪಕ್ಕದಲ್ಲಿ ಸ್ವಾಗತದ ಕಾರ್ಡು. ಎಂಥ ಬೇಜವಾಬ್ದಾರಿ ಜನ. ಮನೆಗೆ ಬರುವವರು ಯಾರು, ಎತ್ತ ಎಂದು ಯೋಚಿಸುವುದು ಬೇಡವೇ?

"ಬೇಸಿನ್‌ಗೆ ಸುರಿದುಬಿಡು" ಎಂದು ಇವರು ಹೇಳಿ ನಡೆಯಲು ಹೊರಟರು. ಈಗೀಗ ಬೆಳಗ್ಗೆ ಸಂಜೆ ತೋಟದ ಸಾಲುಗಳಲ್ಲಿ ನಡಿಗೆ ಶುರುಮಾಡಿದ್ದಾರೆ. ಬೇಸಿನ್‌ಗೆ ಸುರಿಯುವುದಂತೆ! ಯಾರದೋ ವರ್ಷದ ಬೆವರು ಅದು. ಹಾಗೆಂದು ರೂಮಿನಲ್ಲಿ ಇಟ್ಟುಕೊಂಡರೆ ಇವರ ಪಕ್ಕದಲ್ಲಿ ಬೆಂಕಿಪೊಟ್ಟಣ ಇಟ್ಟ ಹಾಗೆ. ಇನ್ನೇನು ಮಾಡಲಿ, ಇವರು ತಿರುಗಿ ಬರುವಷ್ಟರಲ್ಲಿ ಕಿಟಕಿ ಹತ್ತಿರ ಕೂತು ಸ್ವಲ್ಪ ಸ್ವಲ್ಪವಾಗಿ ನಾನೇ ಮುಗಿಸಿದೆ. ಕಾವಲು ಎಂದರೆ ಬರೀ ನೋಡುತ್ತಾ ಕೂರುವುದಲ್ಲ.

ಮುಗಿದ ಮೇಲೆ ಮಗಳಿಗೆ ಫೋನ್ ಮಾಡಿದೆ. ಅವಳು ಔಷಧಿ ಅಂಗಡಿಯಲ್ಲಿ ಕೆಲಸದ ಮೇಲಿದ್ದಳು.

"ಅಪ್ಪ ಹೇಗಿದಾರೆ?"

"ಕಲ್ಲುಗುಂಡಿನ ಹಾಗಿದಾರೆ. ಮುಖಕ್ಕೆ ಬಣ್ಣ ಬಂದಿದೆ. ನಾನಿರುವಾಗ ನಿನಗ್ಯಾಕೆ ಚಿಂತೆ?"

"ನೀನು ಹೇಗಿದೀಯಮ್ಮಾ?"

ನನ್ನನ್ನು ಕೇಳುವವರು ನಮ್ಮ ಮನೆಯಲ್ಲಿ ಅವಳೊಬ್ಬಳೇ. ಕಣ್ಣಲ್ಲಿ ನೀರು ಬಂದುಬಿಟ್ಟಿತು, ಯಾಕೋ.

ಸೆಪ್ಟೆಂಬರ್ ೧೪

ತಲೆನೋವು. ಇಲ್ಲಿನ ಹವೆ ಒಗ್ಗಿಲ್ಲ.

ಸೆಪ್ಟೆಂಬರ್ ೧೭, ಭಾನುವಾರ

ಈ ಹೋಟೆಲಿನ ಮೆಟ್ಟಿಲು ಕಟ್ಟಿದವನನ್ನು ಹಿಡಿದು ತಂದು ಅದರ ಮೇಲೆಯೇ ಹತ್ತಿಳಿಸಬೇಕು. ನೆಲಮಾಳಿಗೆಯಿಂದ ಬರುವಾಗ ಒಂದು ಮೆಟ್ಟಿಲು ಕೈಕೊಟ್ಟಿತು, ಮಂಡಿ ತರಚಿ ಊದಿಕೊಂಡಿದೆ. ಬೇರೆ ಗಿರಾಕಿಗಳು ಬಂದು ಎತ್ತಿದರು. ಮುತ್ತಿನ ಓಲೆಯವರಂಥ ಒಬ್ಬಾಕೆ ಇನ್ನೊಬ್ಬಾಕೆಯ ಮುಖ ನೋಡಿ ತುಟಿ ಓರೆ ಮಾಡಿದಳು. ನನಗೆ ಕಾಣುವುದಿಲ್ಲ ಎಂದುಕೊಂಡಳೋ ಏನೋ.

"ಬರೀರಿ ಪುಸ್ತಕದಲ್ಲಿ, ಮೆಟ್ಟಿಲು ಸರಿಯಿಲ್ಲ, ವಯಸ್ಸಾದವರು ಹುಷಾರು ಅಂತ" ಎಂದು ಇವರಿಗೆ ಹೇಳಿದೆ.

ಇವರು ಹೋಗಿ ಆ ಮೆಟ್ಟಿಲುಗಳನ್ನು ಹತ್ತಿ ಇಳಿದು ಬಂದರು. ಮಂಚದ ತುದಿಗೆ ಕೂತರು. "ಮೆಟ್ಟಿಲು ಸರಿಯಾಗೇ ಇದೆ ಕಣೇ."

"ಹಾಗಾದ್ರೆ ನನ್ನ ಕಾಲು ಸರಿ ಇಲ್ಲ ಅನ್ನಿ."

ಇವರು ನನ್ನ ಮಂಡಿಗೆ ಮುಲಾಮು ಹಚ್ಚಿದರು. ಮೃದುವಾಗಿ ಹಚ್ಚಿದರು, ಅದೇ ನನಗೆ ಸಿಟ್ಟು ತರಿಸಿತು. ಇಷ್ಟು ವರ್ಷ ಇವರು ಬಿದ್ದಾಗ ನಾನು ಹಚ್ಚಿದ್ದೇನೆ, ಬಾಗಿಲು, ನಲ್ಲಿ, ಮೇಜಿನ ಮೂಲೆ ಎಂದು ಇವರು ಹೇಳಿದ ಕಾರಣಗಳನ್ನೆಲ್ಲ ಕೇಳಿಕೊಂಡು ಹಚ್ಚಿದ್ದೇನೆ. ಒಂದು ಸಲ ನಾನು ಬಿದ್ದರೆ ಮೆಟ್ಟಿಲು ಪರೀಕ್ಷೆ ಮಾಡಲು ಹೋಗುತ್ತಾರೆ.

ಮಗಳ ಫೋನ್ ಬಂದಿತ್ತು. ಮೆಟ್ಟಿಲಿನ ಕಥೆ ಮೂರು ಸಲ ಹೇಳಿದೆನಂತೆ. ಲೈನು ಸರಿಯಿರಲಿಲ್ಲ, ಅವಳಿಗೆ ಕೇಳಿಸಿರಲಾರದು ಎಂದು ಹೇಳಿದ್ದು. ಮಕ್ಕಳಿಗೆ ಒಳ್ಳೆಯದಕ್ಕೆ ಮಾಡಿದರೂ ತಪ್ಪೇ.

ಸೆಪ್ಟೆಂಬರ್ ೨೦

ಇವತ್ತು ಐದು ಥರದ ವೈನ್ ಇಟ್ಟಿದ್ದರು. ಇವರು ಒಂದೊಂದನ್ನೂ ಮೂಸಿ ಪೆನ್ನು ಹಿಡಿದು ಕಾದರು.

"ಹೇಳು."

"ಚೆನ್ನಾಗಿದೆ."

"ಇದು?"

"ಇದೂ ಚೆನ್ನಾಗಿದೆ."

ಪೆನ್ನಿನ ಮುಚ್ಚಳ ಹಾಕಿದರು. "ಈಗೀಗ ಎಲ್ಲದಕ್ಕೂ ಚೆನ್ನಾಗಿದೆ ಅಂತೀಯ. ಪೆನ್ಸಿಲ್ ಹೊಟ್ಟು ಅಂದವಳು ಎಲ್ಲಿ ಹೋದ್ಲು?"

"ನಿಮಗೆ ಬೇಕಾದಾಗ ಬೇಕಾದ ಹಾಗೆ ಹೇಳೋಕೆ ನಾನೇನು ಗಿಳೀನಾ?"

"ನಾಳೆ ರುಚಿ ನೋಡೋದು ಬೇಡ. ಒಂದು ದಿನ ಬಿಡೋಣ. ಇಬ್ಬರೂ ಸುಮ್ನೆ ನಡೆದು ಬರೋಣ, ಎಲೆಗಳು ಬಣ್ಣ ತಿರುಗ್ತಿವೆ."

ನನಗೆ ಗೊತ್ತಾಗುವುದಿಲ್ಲವೇ? ನನ್ನನ್ನು ದೂರ ಇಡಬೇಕು, ಕಾವಲು ತಪ್ಪಬೇಕು, ಆಮೇಲೆ ಇವರ ದಾರಿ ಸಲೀಸು. ಇಷ್ಟು ವರ್ಷ ನೋಡಿದ ಆಟವೇ. ಅದಕ್ಕೇ ಇಷ್ಟು ನಯವಾಗಿದ್ದಾರೆ. ಮುಲಾಮು ಹಚ್ಚಿದ್ದೂ ಅದಕ್ಕೇ ಇರಬೇಕು.

ಊಟದ ಮೇಜಿನಲ್ಲಿ ಉಳಿದಿದ್ದ ಬಾಟಲಿಯನ್ನು ಶಾಲಿನಲ್ಲಿ ಸುತ್ತಿ ಮೇಲೆ ತಂದು, ಬೀರುವಿನಲ್ಲಿ ಹೆಚ್ಚಿನ ದಿಂಬುಗಳ ಹಿಂದೆ ಇಟ್ಟಿದ್ದೇನೆ. ಕೆಳಗೆ ಬಿಟ್ಟರೆ ಇವರ ಕಣ್ಣಿಗೆ ಬೀಳುತ್ತದೆ. ಇಲ್ಲಿದ್ದರೆ ಎಲ್ಲಿದೆ ಎಂದು ನನಗಾದರೂ ಗೊತ್ತಿರುತ್ತದೆ. ಕೈಚೀಲದಲ್ಲಿ ಒಂದು ಚಿಕ್ಕದಿದೆ, ಅದೂ ಅದೇ ಕಾರಣಕ್ಕೆ.

ಸೆಪ್ಟೆಂಬರ್ ೨೨, ಶುಕ್ರವಾರ

ನನ್ನ ಅನುಮಾನ ನಿಜವಾಯಿತು. ದೇವರೇ, ಸುಳ್ಳಾಗಲಿ ಎಂದು ಎಷ್ಟು ಬೇಡಿಕೊಂಡಿದ್ದೆ.

ಮಧ್ಯಾಹ್ನ ಬೀರು ತೆಗೆದೆ. ಬಾಟಲಿ ಇದೆಯೋ ಇಲ್ಲವೋ ನೋಡೋಣ ಎಂದು, ಅಷ್ಟೇ. ಬಾಟಲಿ ಇತ್ತು, ಒಳಗೆ ಏನೂ ಇರಲಿಲ್ಲ. ಇವರು ಕಿಟಕಿಯ ಬಳಿ ಕನ್ನಡಕ ಹಾಕಿಕೊಂಡು ಬರೆಯುತ್ತಿದ್ದರು, ಏನೂ ಗೊತ್ತಿಲ್ಲದ ಹಾಗೆ. ಬಾಟಲಿಯನ್ನು ತಂದು ಇವರ ಕಾಗದಗಳ ಮೇಲೆ ಇಟ್ಟೆ.

"ಇದೇನು?"

ಬಾಟಲಿಯನ್ನು ನೋಡಿದರು, ನನ್ನನ್ನು ನೋಡಿದರು. "ನಾನೇ ಸುರಿದೆ. ಬೇಸಿನ್‌ಗೆ. ನಿನ್ನೆ ನೀನು ಮಲಗಿದ್ದಾಗ."

"ಯಾರ ಕಿವಿಗೆ ಹೂ ಇಡ್ತೀರಿ?"

"ದಿಂಬಿನ ಹಿಂದೆ ನಾನೂ ಇಡ್ತಿದ್ದೆ ಕಣೇ. ಅದಕ್ಕೇ ಹುಡುಕೋಕೆ ಕಷ್ಟ ಆಗ್ಲಿಲ್ಲ."

ಎಂಥ ಧೈರ್ಯ! ಹುಡುಕಿದೆ ಎಂದು ತಾವೇ ಒಪ್ಪಿಕೊಳ್ಳುತ್ತಾರೆ. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಸಾಯಬೇಕು ಅಂತಿದ್ದರೆ ಮನೆಯಲ್ಲೇ ಸಾಯಬಹುದಿತ್ತು, ಇಲ್ಲಿಗೆ ನನ್ನನ್ನು ಯಾಕೆ ಎಳೆದು ತಂದಿರಿ ಅಂದೆ. ಪಕ್ಕದ ರೂಮಿನವರು ಬಾಗಿಲು ತೆಗೆದು ಮುಚ್ಚಿದ್ದು ಕೇಳಿಸಿತು. ಇವರು ಎದ್ದು ಬಂದು ನನ್ನ ಮೂಗಿನ ಹತ್ತಿರ ಬಾಯಿ ತೆರೆದು ನಿಂತರು. "ಮೂಸಿ ನೋಡು" ಅಂದರು. ಮೂಸಿದೆ. ವೈನ್ ವಾಸನೆ ಬಂತು. ಬಂದೇ ಬಂತು, ನಾನೇನು ಸುಳ್ಳು ಹೇಳುವವಳೇ? ಆ ರೂಮಿನಲ್ಲಿ ಆ ವಾಸನೆ ಮತ್ತೆ ಯಾರ ಬಾಯಿಂದ ಬರಬೇಕು?

ಮಗಳಿಗೆ ಫೋನ್ ಮಾಡಿ, ನಿಮ್ಮಪ್ಪ ಮತ್ತೆ ಶುರುಮಾಡಿದ್ದಾರೆ ಎಂದು ಹೇಳಿದೆ. ಆ ಕಡೆಯಿಂದ ಅವಳು ಅಳುವುದು ಕೇಳಿಸಿತು. ನಾಳೆ ಬೆಳಗ್ಗಿನ ಬಸ್ಸಿಗೆ ಬರುತ್ತಾಳಂತೆ. ಇವರು ಆ ಮಾತೆಲ್ಲ ಕೇಳುತ್ತಾ ಕೂತಿದ್ದರು. ಒಂದು ಸಲವೂ ಫೋನ್ ಕೊಡು ಅನ್ನಲಿಲ್ಲ. ತಪ್ಪಿಲ್ಲದವರು ಯಾರಾದರೂ ಹಾಗೆ ಕೂರುತ್ತಾರೆಯೇ?

ಕೈ ನಡುಗುತ್ತಿದೆ, ಸಿಟ್ಟಿಗೆ. ಕೈಚೀಲದಲ್ಲಿದ್ದ ಚಿಕ್ಕದು ಇವತ್ತು ಔಷಧಿಯಾಯಿತು.

ಸೆಪ್ಟೆಂಬರ್ ೨೩

ಮಗಳು ಬಂದಳು. ಬಂದವಳೇ ನನ್ನನ್ನು ಅಪ್ಪಿಕೊಂಡಳು, ಅಪ್ಪಿಕೊಂಡು ತಟ್ಟನೆ ಬಿಟ್ಟಳು. ಪ್ರಯಾಣದ ಆಯಾಸ ಇರಬೇಕು. ಅವಳು ತನ್ನಪ್ಪನನ್ನು ಪೇಟೆಯ ಲ್ಯಾಬಿಗೆ ಕರೆದುಕೊಂಡು ಹೋದಳು, ರಕ್ತ ಕೊಟ್ಟು ಬಂದರು. ಸಂಜೆ ರಿಪೋರ್ಟು ಬಂತು. ಎಲ್ಲ ಸರಿಯಾಗಿದೆಯಂತೆ. ಬೇಸಿಗೆಯಲ್ಲಿ ಇದ್ದದ್ದಕ್ಕಿಂತ ಎಷ್ಟೋ ಸುಧಾರಿಸಿದೆಯಂತೆ.

"ಕುಡಿದ್ರೆ ಹೀಗಿರಲ್ಲಮ್ಮಾ" ಅಂದಳು.

ಒಂದು ಬಾಟಲಿಗೆ ಅದೆಲ್ಲ ಗೊತ್ತಾಗುತ್ತದೆಯೇ ಎಂದು ಕೇಳಿದೆ. ತಲೆ ಬಾಚಿಕೊಳ್ಳಬೇಕು ಎಂದು ನನ್ನ ಕೈಚೀಲಕ್ಕೆ ಕೈ ಹಾಕಿದಳು. ಬಾಚಣಿಗೆ ತೆಗೆಯುವ ಬದಲು ಆ ಚಿಕ್ಕ ಬಾಟಲಿ ಹಿಡಿದು ನಿಂತಳು.

"ಅಮ್ಮಾ, ಇದು?"

"ನಿಮ್ಮಪ್ಪನ ಕೈಗೆ ಸಿಗಬಾರದು ಅಂತ ಇಟ್ಕೊಂಡಿದೀನಿ."

"ಖಾಲಿ ಬಾಟಲಿ ಅವರ ಕೈಗೆ ಸಿಕ್ಕಿದ್ರೆ ಏನಾಗುತ್ತೆ?"

ದೊಡ್ಡವರ ಹತ್ತಿರ ಹೀಗೆ ಅಡ್ಡಪ್ರಶ್ನೆ ಹಾಕಲು ಅವಳಿಗೆ ಯಾರು ಕಲಿಸಿದರೋ. ಕಿತ್ತುಕೊಂಡೆ. ಕಿತ್ತುಕೊಳ್ಳುವಾಗ ನನ್ನ ಉಗುರು ಅವಳ ಕೈಗೆ ಗೀರಿತು. ಅವಳು ಆ ಗೀರನ್ನೇ ನೋಡುತ್ತಾ ನಿಂತಳು, ಚಿಕ್ಕವಳಿದ್ದಾಗ ನಿಲ್ಲುತ್ತಿದ್ದಳಲ್ಲ ಹಾಗೆ, ಅಪ್ಪ ತೂರಾಡುತ್ತಾ ಬಾಗಿಲಿಗೆ ಬಂದಾಗ.

ಇದನ್ನು ಯಾಕೆ ಬರೆದೆನೋ ಗೊತ್ತಿಲ್ಲ.

ಆಮೇಲೆ ಅಪ್ಪ ಮಗಳು ಜಗಲಿಯ ಮೇಲೆ ಕೂತು ಪಿಸುಪಿಸು ಮಾತಾಡಿದರು. ನಾನು ಹೊರಗೆ ಹೋದರೆ ಇಬ್ಬರೂ ಸುಮ್ಮನಾದರು. ನನ್ನ ಮನೆಯಲ್ಲಿ ನಾನೇ ಪರಕೀಯಳಾದೆ. ಮನೆಯಾದರೂ ಎಲ್ಲಿ, ಇದು ಹೋಟೆಲು.

ಸೆಪ್ಟೆಂಬರ್ ೨೪, ಭಾನುವಾರ

ಮಗಳು, "ನನ್ನ ಜೊತೆ ಮನೆಗೆ ಬಾಮ್ಮಾ" ಎಂದು ಗೋಗರೆದಳು. ಇವರನ್ನು ಯಾರು ನೋಡಿಕೊಳ್ಳಬೇಕು ಎಂದು ಕೇಳಿದೆ. ಇವರು ನಡುವೆ ಬಾಯಿ ಹಾಕಿ, "ಪುಸ್ತಕ ಬಿಟ್ಬಿಡ್ತೀನಿ, ಪ್ರಕಾಶಕರಿಗೆ ಹೇಳ್ತೀನಿ, ಮೂವರೂ ಹೊರಡೋಣ" ಅಂದರು. ಪುಸ್ತಕ ಬಿಡುವುದಂತೆ! ಇನ್ನು ಉಳಿದಿರುವುದು ಒಂದೇ ಹೋಟೆಲು. ಇಷ್ಟು ದಿನ ನನ್ನ ನಾಲಿಗೆ ಸವೆಸಿದ್ದು ಇದಕ್ಕೇನು? ಜನ ಏನನ್ನುತ್ತಾರೆ, ಮತ್ತೆ ಕುಡಿತಕ್ಕೆ ಬಿದ್ದ ಎನ್ನುತ್ತಾರೆ. ಹಾಗೆಂದು ಕಿರುಚಿದೆ. ಅತ್ತುಬಿಟ್ಟೆ. ತಿಂಡಿಯ ತಟ್ಟೆ ಕೆಳಗೆ ಬಿತ್ತು.

"ಸರಿ" ಅಂದರು ಇವರು ಕೊನೆಗೆ. "ಅಲ್ಲಿಗೂ ಹೋಗೋಣ. ಒಂದು ರಾತ್ರಿ ಮಾತ್ರ. ರೂಮು, ತಿಂಡಿ ನೋಡೋದು, ಬರೋದು. ರುಚಿ ನೋಡೋದು ಬೇಡ."

ಒಪ್ಪಿಕೊಂಡೆ. ಮಗಳು ಬಸ್ಸು ಹತ್ತುವಾಗ ಕಿಟಕಿಯಿಂದ ತಿರುಗಿ ನೋಡಲಿಲ್ಲ. ನೋಡಿದಳೋ ಏನೋ, ಬಿಸಿಲಿಗೆ ನನಗೆ ಕಾಣಲಿಲ್ಲ.

ಸೆಪ್ಟೆಂಬರ್ ೨೫, ಬೆಳಗ್ಗೆ

ನಿನ್ನೆ ಮಧ್ಯಾಹ್ನದಿಂದ ಒಂದು ಗುಟುಕೂ ಇಲ್ಲ. ಬೆವರು. ತಿಂಡಿ ಸೇರಲಿಲ್ಲ, ಬ್ರೆಡ್ಡು ಸರಿಯಿಲ್ಲ. ಕಪ್ಪಿನಿಂದ ಚಹ ತುಳುಕಿ ಇವರ ಕಾಗದದ ಮೇಲೆ ಬಿತ್ತು. ಇವರು ಏನೂ ಅನ್ನಲಿಲ್ಲ, ಒರೆಸಿದರು. ಅಂದಿದ್ದರೆ ಚೆನ್ನಾಗಿತ್ತು.

ಸೆಪ್ಟೆಂಬರ್ ೨೫, ಸಂಜೆ

ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಕೊನೆಯ ಹೋಟೆಲಿಗೆ ಊಟದ ಹೊತ್ತಿಗೆ ಬಂದೆವು. ಕೊಯ್ಲು ನಡೆಯುತ್ತಿದೆ. ಗಾಡಿಗಳು ಬಂದು ದ್ರಾಕ್ಷಿ ಸುರಿಯುತ್ತವೆ, ಅಂಗಳದ ತುಂಬ ಹುಳಿವಾಸನೆ, ಕಣಜಗಳು. ಇವರು ಸ್ನಾನಕ್ಕೆ ಹೋದರು. ನಾನು ಊಟದ ಕೋಣೆಗೆ ಇಳಿದು, ಇಲ್ಲಿನ ಒಳ್ಳೆಯ ಕೆಂಪು ಒಂದು ಕೊಡಿ ಅಂದೆ. ಪುಸ್ತಕಕ್ಕೆ ಎಂದುಕೊಂಡು ಕೇಳಿದೆ, ಆಣೆ ಮಾಡಿ ಹೇಳುತ್ತೇನೆ, ಪುಸ್ತಕಕ್ಕೇ. ವೈನ್ ಬರೆಯದೆ ಒಂದು ಹೋಟೆಲು ಬರೆದರೆ ಓದುವವರು ನಗುವುದಿಲ್ಲವೇ?

ಬಡಿಸುವಾಕೆ ಬಿರಡೆ ತೆಗೆದು ಎರಡು ಗ್ಲಾಸು ಇಟ್ಟು ಹೋದಳು. ಬೇರೆ ಗಿರಾಕಿಗಳು ಯಾರೂ ಇರಲಿಲ್ಲ, ಕೊಯ್ಲು ನೋಡಲು ಹೋಗಿದ್ದರು. ಮೊದಲನೆಯದು ಕುಡಿದಾಗ ಕೈ ನಿಂತಿತು. ಎರಡನೆಯದಕ್ಕೆ ತಲೆಯೊಳಗಿನ ಗಲಾಟೆ ನಿಂತಿತು. ಎಷ್ಟು ಹಾಯೆನಿಸಿತು ಎಂದರೆ, ಮಗಳ ಕೈಯ ಗೀರೂ ಮರೆತುಹೋಯಿತು.

ಇವರು ಬಂದರು. ಒದ್ದೆ ಕೂದಲು, ಒಗೆದ ಅಂಗಿ. ಬಾಗಿಲಲ್ಲೇ ನಿಂತು ಮೇಜನ್ನು ನೋಡಿದರು. ಜಗಳಕ್ಕೆ ನಾನು ಸಿದ್ಧಳಾಗಿದ್ದೆ, ಮಾತುಗಳನ್ನೂ ಜೋಡಿಸಿಟ್ಟುಕೊಂಡಿದ್ದೆ. ಇವರು ಬಂದು ಎದುರಿನ ಕುರ್ಚಿ ಎಳೆದು ಕೂತರು. ಎರಡನೆಯ ಗ್ಲಾಸನ್ನು ಹತ್ತಿರಕ್ಕೆ ತೆಗೆದುಕೊಂಡು, ಬಾಟಲಿ ಎತ್ತಿ, ಸುರಿದರು. ಕಂಠಮಟ್ಟ ಸುರಿದರು. ಕೈ ಒಂದಿಷ್ಟೂ ಅಲುಗಲಿಲ್ಲ.

"ಏನು ಮಾಡ್ತಿದೀರಿ?"

"ಇನ್ಮೇಲೆ ನೀನು ಎಷ್ಟು ಕುಡೀತೀಯೋ ನಾನೂ ಅಷ್ಟೇ ಕುಡೀತೀನಿ. ನನ್ನ ಪಾಲಿಂದು ನೀನು ಕುಡಿದಿದ್ದು ಸಾಕು."

ತಮಾಷೆ ಮಾಡುತ್ತಿರಲಿಲ್ಲ. ಇವರ ಮುಖ ನನಗೆ ಗೊತ್ತು. ಗ್ಲಾಸನ್ನು ಎತ್ತಿದರು. ತುಟಿಯವರೆಗೆ ತಂದು ನಿಲ್ಲಿಸಿ, ನನ್ನ ಕಣ್ಣನ್ನೇ ನೋಡುತ್ತಾ ಕಾದರು.

ಡಾಕ್ಟರು ಹೇಳಿದ್ದು ನನಗೆ ಗೊತ್ತು. ಆ ಒಂದು ಗುಟುಕು ಇವರೊಳಗೆ ಹೋಗಬಾರದು ಎಂದು ತಾನೇ ನಾನು ಸ್ಕೂಲು ಬಿಟ್ಟು, ಮನೆ ಬಿಟ್ಟು, ಇವರ ಬೂಟಿನೊಳಗೆ ಕೈ ಹಾಕುತ್ತಾ ಊರೂರು ಅಲೆದದ್ದು. ನಾನು ಎದ್ದು ಗ್ಲಾಸು ಕಿತ್ತು ಎಸೆಯಬೇಕಿತ್ತು. ಕೈ ಮುಗಿಯಬೇಕಿತ್ತು. ಬೇಡ ಎಂದು ಕೂಗಬೇಕಿತ್ತು.

ನಾನು ಬಾಟಲಿಯನ್ನು ನೋಡಿದೆ. ಅದರಲ್ಲಿ ಕಾಲು ಭಾಗವೂ ಉಳಿದಿರಲಿಲ್ಲ. ನನ್ನ ಬಾಯಿಂದ ಬಂದ ಮಾತು ಇದು:

"ಅಷ್ಟೊಂದು ಯಾಕೆ ಹಾಕ್ಕೊಂಡ್ರಿ?"

ಇವರ ಜೀವಕ್ಕೆ ಹೆದರಿ ಅಂದದ್ದಲ್ಲ. ಹಾಗೆಂದು ಇಲ್ಲಿ ಬರೆದುಕೊಳ್ಳಬಹುದು, ಓದುವವರು ಯಾರೂ ಇಲ್ಲ. ಆದರೆ ಅಲ್ಲ. ನನಗೆ ಇನ್ನೆಷ್ಟು ಉಳಿಯಿತು ಎಂದು ನೋಡಿ ಅಂದದ್ದು. ಇವರು ಗುಟುಕು ಗುಟುಕಾಗಿ ಸತ್ತರೂ ಆ ಕ್ಷಣದಲ್ಲಿ ನನಗೆ ಬೇಕಾಗಿದ್ದದ್ದು ಆ ಗ್ಲಾಸಿನಲ್ಲಿದ್ದದ್ದು.

ಇವರಿಗೆ ಅರ್ಥವಾಯಿತು. ನನಗಿಂತ ಮೊದಲು ಅರ್ಥವಾಯಿತು. ಗ್ಲಾಸು ತುಟಿಯಿಂದ ಇಳಿದು ಮೇಜಿನ ಮೇಲೆ ಕೂತಿತು. ಒಂದು ಹನಿಯೂ ಹೋಗಿರಲಿಲ್ಲ. ಇವರು ಎದ್ದು ನನ್ನ ಪಕ್ಕದ ಕುರ್ಚಿಗೆ ಬಂದು ಕೂತು ನನ್ನ ಮಣಿಕಟ್ಟು ಹಿಡಿದುಕೊಂಡರು. ಬಡಿಸುವಾಕೆ ಬಂದು ಇಣುಕಿ ಹೋದಳು. ನನಗೆ ಅಳು ಬರಲಿಲ್ಲ. ನಾಚಿಕೆ ಎಂದರೆ ಹೇಗಿರುತ್ತದೆ ಎಂದು ಈ ವಯಸ್ಸಿನಲ್ಲಿ ತಿಳಿಯಿತು, ಅದಕ್ಕೆ ಅಳು ಬರುವುದಿಲ್ಲ.

"ನಾನು ಏನಂದೆ ಗೊತ್ತಾಯ್ತಾ ನಿಮಗೆ?" ಎಂದು ಕೇಳಿದೆ.

"ಗೊತ್ತಾಯ್ತು."

"ಸಾಯಿ ಅಂದ ಹಾಗೆ ಅಂದೆ ರೀ."

"ಇಲ್ಲ. ಇದು ಹಿಡಿದವರು ಹೀಗೇ ಅನ್ನೋದು. ನಾನೂ ಅಂದಿದೀನಿ. ನಿನಗೆ ಕೇಳಿಸಿರಲಿಲ್ಲ ಅಷ್ಟೇ. ನಿನ್ನನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದೇ ನಾನು."

ಹೌದು ಅಂದರೆ ಸುಲಭವಾಗಿತ್ತು. ಬಾಟಲಿಯಲ್ಲಿ ಉಳಿದದ್ದು ಅಲ್ಲೇ ಇತ್ತು, ಇವರ ಗ್ಲಾಸೂ ತುಂಬಿ ಅಲ್ಲೇ ಇತ್ತು, ಅಷ್ಟೆಲ್ಲ ಆದ ಮೇಲೂ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಅದನ್ನೂ ಇವರಿಗೆ ಹೇಳಿದೆ. ಇವರು ಎರಡನ್ನೂ ಎತ್ತಿಕೊಂಡು ಹೋಗಿ ಅಡುಗೆಮನೆಯಲ್ಲಿ ಕೊಟ್ಟು ಬಂದರು. ಹೋಗಿ ಬರುವಷ್ಟು ಹೊತ್ತು ನಾನು ಮೇಜಿನ ಅಂಚನ್ನು ಹಿಡಿದು ಕೂತಿದ್ದೆ.

"ಮಗಳಿಗೆ ಫೋನ್ ಮಾಡ್ಲಾ?" ಎಂದು ಕೇಳಿದರು.

"ಕೊಡಿ, ನಾನೇ ಮಾಡ್ತೀನಿ."

ಬೆರಳು ನಿಲ್ಲಲಿಲ್ಲ, ನಂಬರು ಇವರೇ ಒತ್ತಿದರು. ಅವಳು ತಕ್ಷಣ ಎತ್ತಿದಳು, ಫೋನ್ ಕೈಯಲ್ಲೇ ಹಿಡಿದುಕೊಂಡಿದ್ದಳೋ ಏನೋ.

"ನಿಮ್ಮಪ್ಪ ಕುಡಿದಿಲ್ಲ ಕಣೇ" ಅಂದೆ. ಮುಂದಿನದಕ್ಕೆ ಬಾಯಿ ಬರಲಿಲ್ಲ.

"ಗೊತ್ತಮ್ಮಾ" ಅಂದಳು. ಕಾದಳು. ಅಂಗಳದಲ್ಲಿ ಗಾಡಿಯೊಂದು ದ್ರಾಕ್ಷಿ ಸುರಿದು ಹೋಯಿತು, ಇನ್ನೊಂದು ಬಂತು. ಅವಳು ಇನ್ನೂ ಕಾಯುತ್ತಿದ್ದಳು. "ಹೇಳಮ್ಮಾ. ನಾನು ಇಡಲ್ಲ."

ಹೇಳಿದೆ.